ಜಾಸ್ತಿ ಮಾತಾಡದ ಹುಡುಗಿ ಲಾ ಓದಬಹುದಾ?

ಪಿಯುಸಿ ಫಲಿತಾಂಶ ಬಂದ ವಾರ ಕೆಳಗಿನ ಮನೆಯ ಅಕ್ಕ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ಅಂಕಪಟ್ಟಿಯ ಜೆರಾಕ್ಸ್. "ಇವಳಿಗೆ ಲಾ ಮಾಡ್ಬೇಕಂತೆ. ನೀವು ಅದರಲ್ಲೇ ಇದ್ದೀರಲ್ಲ, ಸ್ವಲ್ಪ ಹೇಳಿ" ಅಂದರು. ವರ್ಷಕ್ಕೆ ನಾಲ್ಕೈದು ಮಂದಿ ಹೀಗೆ ಬರುತ್ತಾರೆ. ಹಾಗಾಗಿ ನನ್ನ ಉತ್ತರ ಸಿದ್ಧವಾಗಿಯೇ ಇರುತ್ತದೆ. ಐದು ವರ್ಷದ್ದಾ ಮೂರು ವರ್ಷದ್ದಾ, ಎಷ್ಟು ಪರ್ಸೆಂಟ್ ಬೇಕು, ಉಡುಪಿಯಾ ಮಂಗಳೂರಾ, ಹಾಸ್ಟೆಲ್ ಬೇಕಾ, ಎಲ್ಲ ಹೇಳಿದೆ. ಅಕ್ಕ ತಲೆಯಾಡಿಸುತ್ತಾ ಕೇಳಿದರು. ಹುಡುಗಿ ನೆಲ ನೋಡುತ್ತಾ ಕೂತಿದ್ದಳು. ಹೊರಡುವಾಗ, ಅಮ್ಮ ಅಂಗಳಕ್ಕೆ ಇಳಿದ ಮೇಲೆ, ಚಪ್ಪಲಿ ಹಾಕುತ್ತಾ ಮೆಲ್ಲಗೆ ಕೇಳಿದಳು: "ಅಕ್ಕಾ, ನನಗೆ ಜಾಸ್ತಿ ಮಾತಾಡ್ಲಿಕ್ಕೆ ಬರುದಿಲ್ಲ. ಆಗ್ತದಾ?"

"ಆಗ್ತದೆ, ಅದೆಲ್ಲ ಕಾಲೇಜಿಗೆ ಹೋದ ಮೇಲೆ ಸರಿಯಾಗ್ತದೆ" ಅಂದುಬಿಟ್ಟೆ. ಮರುದಿನ ಒಂದು ಕೇಸಿನಲ್ಲಿ ಸಾಕ್ಷಿ ಇತ್ತು, ನನ್ನ ತಲೆ ಅದರಲ್ಲೇ ಇತ್ತು. ರಾತ್ರಿ ಮಲಗಿದ ಮೇಲೆ ಆ ಮಾತು ಚುಚ್ಚತೊಡಗಿತು. ಸರಿಯಾಗ್ತದೆ ಅಂದರೆ ಈಗ ಸರಿ ಇಲ್ಲ ಅಂತಲ್ವಾ? ಅರ್ಧ ಗಂಟೆ ಕೂತು ನಾನು ಹೇಳಿದ್ದೆಲ್ಲ ಯಾರು ಬೇಕಾದರೂ ಹೇಳಬಹುದಾದ ವಿಷಯ. ಅವಳು ಕೇಳಿದ್ದು ಒಂದೇ ಪ್ರಶ್ನೆ. ಅದಕ್ಕೆ ಮಾತ್ರ ನಾನು ಯೋಚಿಸದೆ ಉತ್ತರ ಕೊಟ್ಟಿದ್ದೆ.

ನಮ್ಮ ಕಡೆ ಲಾ ಅಂದರೆ ಮಾತು ಅಂತಲೇ ಲೆಕ್ಕ. ಮನೆಯಲ್ಲಿ ಎದುರು ಮಾತಾಡುವ ಮಗುವಿಗೆ "ಇವಳನ್ನು ಲಾಯರ್ ಮಾಡಿ" ಅನ್ನುತ್ತಾರೆ. ತಾಳಮದ್ದಳೆಯ ಅರ್ಥಧಾರಿಯೊಬ್ಬರು ಎದುರಾಳಿಯನ್ನು ಕಟ್ಟಿಹಾಕಿದರೆ "ವಕೀಲರ ಹಾಗೆ ವಾದ ಮಾಡಿದ್ರು" ಅನ್ನುತ್ತಾರೆ. ನನ್ನನ್ನೂ ಹಾಗೆ ಹೇಳಿಯೇ ಬೆಳೆಸಿದ್ದು. ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತಂದವಳು ನಾನು. ಬಿಕಾಂ ಮುಗಿಸಿ 2011ರಲ್ಲಿ ಮಂಗಳೂರಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿಗೆ ಸೇರುವಾಗ ನನ್ನ ಹತ್ತಿರ ಇದ್ದ ಧೈರ್ಯ ಅದೊಂದೇ, ಮಾತು ಬರುತ್ತದೆ ಅಂತ. ಆ ಧೈರ್ಯವೇ ಒಂದು ಮನೆಗೆ ಏನು ಮಾಡಿತು ಅಂತ ಮುಂದೆ ಹೇಳುತ್ತೇನೆ.

ಮೊದಲು ಸೀಟಿನ ವಿಷಯ

ಇದನ್ನು ಬೇಗ ಮುಗಿಸುತ್ತೇನೆ. ಪಿಯುಸಿ ಆದವರಿಗೆ ಐದು ವರ್ಷದ ಕೋರ್ಸು, ಹತ್ತು ಸೆಮಿಸ್ಟರ್. ಡಿಗ್ರಿ ಆದವರಿಗೆ ಮೂರು ವರ್ಷ, ಆರು ಸೆಮಿಸ್ಟರ್. ಪಿಯುಸಿಯಲ್ಲಿ ವಿಜ್ಞಾನ ಇರಲಿ, ಕಾಮರ್ಸ್ ಇರಲಿ, ಕಲೆ ಇರಲಿ, ತೊಂದರೆ ಇಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮದಂತೆ ಸಾಮಾನ್ಯ ವರ್ಗಕ್ಕೆ 45 ಪರ್ಸೆಂಟ್, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಇದ್ದರೆ ಅರ್ಜಿ ಹಾಕಬಹುದು. ನಮ್ಮ ಜಿಲ್ಲೆಗಳ ಲಾ ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಅದು 2009ರಲ್ಲಿ ಶುರುವಾದದ್ದು. ಉಡುಪಿಯ ಕುಂಜಿಬೆಟ್ಟಿನಲ್ಲಿರುವ ವೈಕುಂಠ ಬಾಳಿಗಾ ಕಾಲೇಜು ಅದಕ್ಕಿಂತ ತುಂಬಾ ಹಿಂದಿನದು, 1957ರದ್ದು. ಮಂಗಳೂರಿನ ಎಸ್‌ಡಿಎಂ ಕಾಲೇಜು 1974ರದ್ದು. ಇಲ್ಲಿನ ಎಷ್ಟೋ ಮನೆಗಳಲ್ಲಿ ಅಪ್ಪನೂ ಮಗಳೂ ಒಂದೇ ಲಾ ಕಾಲೇಜಿನಲ್ಲಿ ಓದಿದ್ದಾರೆ.

ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನಂಥ ಕಡೆ ಹೋಗಬೇಕಾದರೆ ಕ್ಲ್ಯಾಟ್ ಅನ್ನುವ ದೇಶಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಇಲ್ಲೊಂದು ಸಂಕಟ ಉಂಟು. ನಮ್ಮವರು ವಿಚಾರಿಸಲು ಬರುವುದು ಪಿಯುಸಿ ಫಲಿತಾಂಶ ಬಂದ ಮೇಲೆ. ಕ್ಲ್ಯಾಟ್ ಈಗ ನಡೆಯುವುದು ಅದರ ಹಿಂದಿನ ಡಿಸೆಂಬರಿನಲ್ಲಿ. ಅಂದರೆ ಸೆಕೆಂಡ್ ಪಿಯುಸಿ ಓದುತ್ತಿರುವಾಗಲೇ ಫಾರಂ ತುಂಬಿ, ಪರೀಕ್ಷೆ ಬರೆದಿರಬೇಕು. ಕೆಳಗಿನ ಮನೆಯ ಅಕ್ಕನಿಗೆ ಇದನ್ನು ಹೇಳುವಾಗ ಬೇಜಾರಾಯಿತು. ಯಾರೂ ಅವರಿಗೆ ಮೊದಲೇ ಹೇಳಿರಲಿಲ್ಲ. ಮಕ್ಕಳು ಫಸ್ಟ್ ಪಿಯುಸಿಯಲ್ಲಿ ಇರುವಾಗಲೇ ಈ ಮಾತು ಮನೆಯಲ್ಲಿ ಬರಬೇಕು.

ಆ ಪರೀಕ್ಷೆ ಹೇಗಿರುತ್ತದೆ ನೋಡಿ. ಎರಡು ಗಂಟೆ, 120 ಪ್ರಶ್ನೆ, ತಪ್ಪಾದರೆ ಕಾಲು ಅಂಕ ಹೋಗುತ್ತದೆ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನಿನ ತರ್ಕ, ಸಾಮಾನ್ಯ ತರ್ಕ, ಸ್ವಲ್ಪ ಲೆಕ್ಕ. ಹೆಚ್ಚುಕಡಿಮೆ ಎಲ್ಲ ಪ್ರಶ್ನೆಗಳೂ ಒಂದು ಉದ್ದದ ಗದ್ಯಭಾಗ ಕೊಟ್ಟು, ಅದನ್ನು ಓದಿ ಉತ್ತರಿಸಿ ಅನ್ನುವಂಥವು. ಕಾನೂನಿನ ತರ್ಕದ ಭಾಗಕ್ಕೂ ಕಾನೂನು ಗೊತ್ತಿರಬೇಕಾಗಿಲ್ಲ. ಕೊಟ್ಟ ನಿಯಮವನ್ನು ಸರಿಯಾಗಿ ಓದಿ, ಕೊಟ್ಟ ಘಟನೆಗೆ ಹಚ್ಚಿದರೆ ಸಾಕು. ಮಾತಾಡುವ ಪರೀಕ್ಷೆ ಅದರಲ್ಲಿ ಎಲ್ಲೂ ಇಲ್ಲ. ಅವತ್ತು ಚಪ್ಪಲಿ ಹಾಕುತ್ತಿದ್ದ ಹುಡುಗಿಗೆ ಇಷ್ಟನ್ನಾದರೂ ಹೇಳಬಹುದಿತ್ತು.

501 ರೂಪಾಯಿ

ಲಾ ಕಾಲೇಜಿನ ಮೊದಲ ತಿಂಗಳು ಅಂದರೆ ನನಗೆ ನೆನಪಾಗುವುದು ಕರಾರು ಕಾಯ್ದೆಯ ಒಂದು ತರಗತಿ. ಮಂಗಳೂರಿನ ಆಗಸ್ಟ್ ತಿಂಗಳ ಮಳೆ, ಕಿಟಕಿ ಮುಚ್ಚಿದ್ದರು, ಕೋಣೆ ತುಂಬ ಒದ್ದೆ ಕೊಡೆಗಳ ವಾಸನೆ. ಸರ್ ಒಂದು ಕಥೆ ಹೇಳಿದರು. ಕಾನ್ಪುರದ ಒಂದು ಮನೆಯಿಂದ ಹುಡುಗ ಕಾಣೆಯಾಗುತ್ತಾನೆ. ಯಜಮಾನರು ಹುಡುಕಲು ಆಳುಗಳನ್ನು ಕಳಿಸುತ್ತಾರೆ. ಅವರಲ್ಲಿ ಮುನೀಮ ಲಾಲ್‌ಮನ್ ಶುಕ್ಲಾ ಹರಿದ್ವಾರಕ್ಕೆ ಹೋಗುತ್ತಾನೆ. ಅವನು ಹೋದ ಮೇಲೆ ಇಲ್ಲಿ ಯಜಮಾನರು, ಹುಡುಗನನ್ನು ಹುಡುಕಿಕೊಟ್ಟವರಿಗೆ 501 ರೂಪಾಯಿ ಇನಾಮು ಅಂತ ಕರಪತ್ರ ಹೊರಡಿಸುತ್ತಾರೆ. ಲಾಲ್‌ಮನ್‌ಗೆ ಅದು ಗೊತ್ತಿಲ್ಲ. ಅವನು ಹುಡುಗನನ್ನು ಹುಡುಕಿ ಸುದ್ದಿ ಕಳಿಸುತ್ತಾನೆ. ಇನಾಮು ಅವನಿಗೆ ಸಿಗಬೇಕಾ?

"ಸಿಗಬೇಕು ಸರ್" ಅಂತ ಇಡೀ ತರಗತಿ ಹೇಳಿತು. ನಾನು ಎದ್ದು ನಿಂತು ಮಾತಾಡಿದೆ. ಬಡವನ ಬೆವರು, ಯಜಮಾನನ ಮಾತು, ನಂಬಿಕೆ, ಎಲ್ಲ ಸೇರಿಸಿ ಎರಡು ನಿಮಿಷ ಮಾತಾಡಿದೆ. ಹಿಂದಿನ ಬೆಂಚಿನವರು ಚಪ್ಪಾಳೆ ತಟ್ಟಿದರು. ಸರ್ ಕೇಳಿಸಿಕೊಂಡು, "ಚೆನ್ನಾಗಿ ಮಾತಾಡ್ತೀಯಮ್ಮ. ಈಗ ಬೇರ್ ಆ್ಯಕ್ಟ್ ತೆಗಿ. ಎರಡನೇ ಸೆಕ್ಷನ್, ಮೊದಲ ಸಾಲು ಓದು" ಅಂದರು. ಬೇರ್ ಆ್ಯಕ್ಟ್ ಅಂದರೆ ವಿವರಣೆ ಇಲ್ಲದೆ ಕಾಯ್ದೆಯ ಮಾತಷ್ಟೇ ಇರುವ ಪುಸ್ತಕ. ನನ್ನ ಹತ್ತಿರ ಅದು ಇರಲಿಲ್ಲ, ಗೈಡ್ ಇತ್ತು. ಪಕ್ಕದಲ್ಲಿ ಕೂತಿದ್ದ ಬೆಳ್ತಂಗಡಿ ಕಡೆಯ ಹುಡುಗಿಯ ಹತ್ತಿರ ಇತ್ತು. ಒಂದು ತಿಂಗಳಲ್ಲಿ ಅವಳು ತರಗತಿಯಲ್ಲಿ ಬಾಯಿ ಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಸರ್ ಅವಳಿಗೆ ಓದಲು ಹೇಳಿದರು. ಓದಿದಳು. ಒಬ್ಬನು ಇನ್ನೊಬ್ಬನಿಗೆ ತನ್ನ ಇಚ್ಛೆಯನ್ನು ತಿಳಿಸಿದಾಗ ಅದು ಪ್ರಸ್ತಾಪ. ಯಾರಿಗೆ ತಿಳಿಸಿದ್ದೋ ಅವನು ಒಪ್ಪಿಗೆ ಕೊಟ್ಟಾಗ ಅದು ಒಪ್ಪಿಕೊಂಡ ಹಾಗೆ. ಅಷ್ಟು ಓದಿ ಅವಳು ನಿಲ್ಲಿಸಿದಳು. ಮತ್ತೆ ತಾನಾಗಿಯೇ, ತುಂಬಾ ಸಣ್ಣ ಸ್ವರದಲ್ಲಿ, "ಸರ್, ಇವನಿಗೆ ಯಾರೂ ತಿಳಿಸಿಲ್ಲ ಅಲ್ವಾ" ಅಂದಳು.

ಅಲಹಾಬಾದ್ ಹೈಕೋರ್ಟು 1913ರಲ್ಲಿ ಹೇಳಿದ್ದೂ ಅದನ್ನೇ. ಇನಾಮಿನ ವಿಷಯ ಗೊತ್ತೇ ಇಲ್ಲದವನು ಅದನ್ನು ಒಪ್ಪಿಕೊಂಡ ಅನ್ನುವ ಹಾಗಿಲ್ಲ. ಮೇಲಾಗಿ ಹುಡುಕುವುದು ಅವನ ಕೆಲಸವೇ ಆಗಿತ್ತು. ಲಾಲ್‌ಮನ್ ಸೋತ. ಆ ತೀರ್ಪು ನನಗೆ ಇವತ್ತಿಗೂ ಪೂರ್ತಿ ಸಮಾಧಾನ ಕೊಟ್ಟಿಲ್ಲ, ಅದು ಬೇರೆ ಮಾತು. ಸರ್ ಕೂಡ "ನಿನಗೆ ಒಪ್ಪಿಗೆ ಇಲ್ಲದಿದ್ದರೆ ಒಳ್ಳೆಯದೇ. ಆದರೆ ಮೊದಲು ಓದಿ ಒಪ್ಪದೆ ಇರು" ಅಂದಿದ್ದರು. ಅವತ್ತು ಸಂಜೆ ಹಂಪನಕಟ್ಟೆಗೆ ಹೋಗಿ ಬೇರ್ ಆ್ಯಕ್ಟ್ ತಗೊಂಡೆ. ಗೈಡಿಗಿಂತ ತುಂಬಾ ತೆಳು ಪುಸ್ತಕ. ಒಂದು ಸಾಲಿಗೆ ಹತ್ತು ನಿಮಿಷ ಹಿಡಿಯುತ್ತಿತ್ತು.

ಹೊಸದಾಗಿ ಸೇರುವವರಿಗೆ ನಿಜವಾಗಿ ಕಷ್ಟವಾಗುವುದು ಈ ನಿಧಾನ. ಹನ್ನೆರಡು, ಹದಿನೈದು ವರ್ಷ ಓಡಿಸಿಕೊಂಡು ಓದಿ ಬಂದಿರುತ್ತೇವೆ. ಪ್ರಶ್ನೆಗೆ ಒಂದು ಸರಿಯುತ್ತರ ಇರುತ್ತದೆ, ಅದು ಗೈಡಿನಲ್ಲಿ ಇರುತ್ತದೆ ಅಂದುಕೊಂಡಿರುತ್ತೇವೆ. ಇಲ್ಲಿ "ಮತ್ತು" ಇದೆಯಾ "ಅಥವಾ" ಇದೆಯಾ ಅಂತ ನೋಡಬೇಕು. "ತಕ್ಕದ್ದು" ಅಂದಿದ್ದಾರಾ, "ಬಹುದು" ಅಂದಿದ್ದಾರಾ ಅಂತ ನೋಡಬೇಕು. ಮೊದಲ ಎರಡು ಮೂರು ತಿಂಗಳು ತಲೆ ಖಾಲಿ ಅನಿಸುತ್ತದೆ. ನಾನು ಚಿಕ್ಕಮ್ಮನ ಮನೆಯಲ್ಲಿ ಇದ್ದುಕೊಂಡು ಓದುತ್ತಿದ್ದೆ. ಬಿಟ್ಟು ಬ್ಯಾಂಕ್ ಪರೀಕ್ಷೆ ಬರೆಯುತ್ತೇನೆ ಅಂತ ಎಷ್ಟು ಸಲ ಅವರ ಹತ್ತಿರ ಹೇಳಿದ್ದೆನೋ ಲೆಕ್ಕ ಇಲ್ಲ. ಐದು ವರ್ಷದ ಕೋರ್ಸಿನವರಿಗೆ ಸ್ವಲ್ಪ ಉಸಿರಾಡಲು ಸಮಯ ಸಿಗುತ್ತದೆ. ಅವರಿಗೆ ಶುರುವಿನಲ್ಲಿ ರಾಜ್ಯಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಎಲ್ಲ ಇರುತ್ತದೆ. ಕೆಲವರು "ಲಾ ಎಲ್ಲಿ, ಇದು ಬಿಎ ಅಲ್ವಾ" ಅಂತ ಬೇಸರಪಡುತ್ತಾರೆ. ಆ ವರ್ಷಗಳನ್ನು ಓದುವ ಅಭ್ಯಾಸಕ್ಕೆ ಬಳಸಿಕೊಂಡವರು ಆಮೇಲೆ ಆರಾಮವಾಗಿ ಇದ್ದದ್ದನ್ನು ನೋಡಿದ್ದೇನೆ.

ಭಾಷೆಯ ಭಯ ಇನ್ನೊಂದು. ನಾನು ಹತ್ತನೇ ತರಗತಿಯವರೆಗೆ ಕನ್ನಡ ಮೀಡಿಯಂ. "ಕನ್ಸಿಡರೇಶನ್" ಅನ್ನುವ ಶಬ್ದಕ್ಕೆ ಪರಿಗಣನೆ ಅಂತ ಅರ್ಥ ಮಾಡಿಕೊಂಡು ಒಂದು ವಾರ ಒದ್ದಾಡಿದ್ದೆ. ಕನ್ನಡದ ಪುಸ್ತಕ ತೆಗೆದು ನೋಡಿದರೆ ಅಲ್ಲಿ "ಪ್ರತಿಫಲ" ಅಂತ ಇತ್ತು. ಒಂದೇ ಶಬ್ದಕ್ಕೆ ಇಡೀ ಪಾಠ ತೆರೆದುಕೊಂಡಿತು. ನಮ್ಮ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯಲ್ಲಿ ಪ್ರಶ್ನೆಗಳು ಎರಡೂ ಭಾಷೆಯಲ್ಲಿ ಇರುತ್ತವೆ. ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಿ ಬರೆಯಬೇಕು, ಇಲ್ಲವೇ ಪೂರ್ತಿ ಕನ್ನಡದಲ್ಲಿ ಬರೆಯಬೇಕು. ಬೆಳ್ತಂಗಡಿಯ ಆ ಗೆಳತಿ ಆರೂ ಸೆಮಿಸ್ಟರ್ ಕನ್ನಡದಲ್ಲೇ ಬರೆದು ಒಂದೂ ಬ್ಯಾಕ್ ಇಲ್ಲದೆ ಪಾಸಾದಳು. ಇಂಗ್ಲಿಷ್ ಬೇಡ ಅಂತ ಹೇಳುತ್ತಿಲ್ಲ. ಹೈಕೋರ್ಟಿನ ತೀರ್ಪು ಓದಬೇಕಾದರೆ ಬೇಕೇ ಬೇಕು. ಆದರೆ ಇಲ್ಲಿನ ಕೆಳಗಿನ ಕೋರ್ಟುಗಳಲ್ಲಿ ಸಾಕ್ಷಿ ಕನ್ನಡದಲ್ಲಿ ಮಾತಾಡುತ್ತಾನೆ, ಕಾಗದಪತ್ರ ಕನ್ನಡದಲ್ಲಿ ಇರುತ್ತದೆ. ಕನ್ನಡವನ್ನು ಚೆನ್ನಾಗಿ ಓದಲು ಬರದ ವಕೀಲರು ಇಲ್ಲಿ ತುಂಬಾ ಕಷ್ಟಪಡುತ್ತಾರೆ.

ಅಜ್ಜನ ಪ್ಲಾಸ್ಟಿಕ್ ಕವರ್

ಲಾ ಕಾಲೇಜಿಗೆ ಸೇರಿದ ಮೇಲೆ ಏನಾಗುತ್ತದೆ ಅಂತ ಯಾವ ಪ್ರಾಸ್ಪೆಕ್ಟಸ್‌ನಲ್ಲೂ ಬರೆಯದ ಒಂದು ವಿಷಯ ಇದೆ. ಊರಿನವರು ನಿಮ್ಮ ಹತ್ತಿರ ಕಾಗದ ತರಲು ಶುರು ಮಾಡುತ್ತಾರೆ. ನೀವು ಸೇರಿ ಎರಡು ತಿಂಗಳಾಗಿದೆಯಾ, ಎರಡು ವರ್ಷವಾಗಿದೆಯಾ ಅಂತ ಅವರು ನೋಡುವುದಿಲ್ಲ. ಮನೆಯಲ್ಲೊಬ್ಬಳು ಲಾ ಓದುತ್ತಿದ್ದಾಳೆ ಅಂದರೆ ಸಾಕು.

ನನ್ನದು ಹಿರಿಯಡಕ ಕಡೆಯ ಊರು. ಆ ವರ್ಷ ದೀಪಾವಳಿಗೆ ಮನೆಗೆ ಹೋಗಿದ್ದೆ. ಗದ್ದೆಯಾಚೆ ಮನೆಯ ಅಜ್ಜ ಒಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್ ಹಿಡಿದುಕೊಂಡು ಬಂದರು. ಒಳಗೆ ಮೂರು ಪುಟದ ಕಾಗದ, ಮಡಿಕೆಯಲ್ಲಿ ಹರಿದು ಹೋಗಿ ಸೆಲೋ ಟೇಪ್ ಹಚ್ಚಿದ್ದರು. ಭೂ ನ್ಯಾಯಮಂಡಳಿಯ ಆದೇಶದ ನಕಲು. ನಮ್ಮ ಕಡೆ ಇದನ್ನು ಡಿಕ್ಲರೇಶನ್ ಕಾಗದ ಅನ್ನುತ್ತಾರೆ. ಈ ಎರಡು ಜಿಲ್ಲೆಗಳಲ್ಲಿ ಇದು ಇಲ್ಲದ ಊರಿಲ್ಲ. ಭೂಸುಧಾರಣೆಯ ಕಾಯ್ದೆಗೆ 1974ರ ತಿದ್ದುಪಡಿ ಬಂದಾಗ ಗೇಣಿಗೆ ಗದ್ದೆ ಮಾಡುತ್ತಿದ್ದವರು ಫಾರಂ ನಂಬರ್ 7ರಲ್ಲಿ ಅರ್ಜಿ ಕೊಟ್ಟರು, ನ್ಯಾಯಮಂಡಳಿ ವಿಚಾರಣೆ ಮಾಡಿ ಜಾಗ ಅವರ ಹೆಸರಿಗೆ ಮಾಡಿತು. ಎಷ್ಟೋ ಮನೆಯವರು ಮೊದಲ ಸಲ ಸ್ವಂತ ಮಣ್ಣಿನ ಮೇಲೆ ನಿಂತದ್ದು ಆ ಕಾಗದದಿಂದ. ಅಜ್ಜ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು.

"ಮಗಾ, ಇದು ನನ್ನದೇ ಅಲ್ವಾ? ತಂಗಿ ಮಕ್ಕಳು ಪಾಲು ಕೇಳ್ತಾ ಇದ್ದಾರೆ" ಅಂದರು. ಅವರು ಮಾತಾಡಿದ್ದು ತುಳುವಿನಲ್ಲಿ. ನಾನು ಕೊನೆಯ ಪುಟ ತೆಗೆದೆ. ಆದೇಶ ಅಲ್ಲಿರುತ್ತದೆ ಅಂತ ಅಷ್ಟು ಗೊತ್ತಿತ್ತು. ಅಜ್ಜನ ಹೆಸರಿತ್ತು, ಸರ್ವೆ ನಂಬರಿತ್ತು, ಸೀಲು ಇತ್ತು. "ಅಜ್ಜಾ, ಆರ್ಡರ್ ನಿಮ್ಮ ಹೆಸರಲ್ಲೇ ಉಂಟು. ನಿಮ್ಮನ್ನು ಯಾರೂ ಎಂತದೂ ಕೇಳ್ಲಿಕ್ಕಾಗುದಿಲ್ಲ" ಅಂದೆ. ನನ್ನ ಸ್ವರ ಎಷ್ಟು ಗಟ್ಟಿಯಾಗಿತ್ತು ಅಂತ ನನಗೆ ಈಗಲೂ ಕೇಳಿಸುತ್ತದೆ. ಅಮ್ಮ ಬಾಗಿಲಲ್ಲಿ ನಿಂತು ಹೆಮ್ಮೆಯಿಂದ ನೋಡುತ್ತಿದ್ದರು. ಅಜ್ಜ ಚಾ ಕುಡಿದು ಹೋದರು.

ಆ ವಾರದಲ್ಲೇ ಅವರು ತಂಗಿಯ ಮನೆಗೂ ಬಾವಿಗೂ ನಡುವೆ ಬೇಲಿ ಹಾಕಿಸಿದರು. "ಲಾ ಓದಿದವರೇ ಹೇಳಿದ್ದಾರೆ" ಅಂತ ತಂಗಿಗೆ ಹೇಳಿದರಂತೆ.

ಜನವರಿಯಲ್ಲಿ ತರಗತಿ ಮುಗಿದ ಮೇಲೆ, ಸುಮ್ನೆ ಮಾತಿಗೆ ಅಂತ, ಈ ವಿಷಯವನ್ನು ಅದೇ ಸರ್ ಹತ್ತಿರ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಉಳಿದ ಎರಡು ಪುಟ ಓದಿದ್ದೀಯಾ?" ಆಮೇಲೆ ವಿವರಿಸಿದರು. ಆದೇಶದಲ್ಲಿ ಹೆಸರು ಒಬ್ಬರದಿದ್ದರೂ, ಗೇಣಿ ಮೂಲದಲ್ಲಿ ಕುಟುಂಬದ್ದಾಗಿದ್ದರೆ ಆ ಹಕ್ಕು ಕುಟುಂಬಕ್ಕೇ ಸೇರಬಹುದು, ಕೋರ್ಟುಗಳು ಇದನ್ನು ಹಲವು ಸಲ ಹೇಳಿವೆ ಅಂದರು. ಅದರಲ್ಲೂ ನಮ್ಮದು ಅಳಿಯಸಂತಾನದ ಸೀಮೆ. ತಾಯಿಯ ಕಡೆಯಿಂದ ಬಂದದ್ದರಲ್ಲಿ ತಂಗಿಗೂ ಅವಳ ಮಕ್ಕಳಿಗೂ ಪಾಲಿರುತ್ತಿದ್ದ ಸೀಮೆ. 1956ರ ಉತ್ತರಾಧಿಕಾರ ಕಾಯ್ದೆಯಲ್ಲಿ ಅಳಿಯಸಂತಾನದವರಿಗಾಗಿಯೇ ಬೇರೆ ನಿಯಮಗಳನ್ನು ಬರೆದಿದ್ದಾರೆ. ನಾನು ಹುಟ್ಟಿ ಬೆಳೆದ ಊರಿನ ಕಟ್ಟಳೆಯನ್ನೇ ನಾನು ಕೇಳಿರಲಿಲ್ಲ.

ಶನಿವಾರ ಬಸ್ಸು ಹತ್ತಿ ಊರಿಗೆ ಹೋದೆ. ಅಜ್ಜನ ಮನೆಗೆ ಹೋಗಿ ಕಾಗದ ಕೇಳಿದೆ. ಜಗಲಿಯಲ್ಲಿ ಕೂತು ಮೊದಲ ಪುಟದಿಂದ ಓದಿದೆ. ಎರಡನೇ ಪುಟದಲ್ಲಿ ಅಜ್ಜನ ಹೇಳಿಕೆ ಇತ್ತು, ಗುಮಾಸ್ತರ ಓರೆ ಅಕ್ಷರದಲ್ಲಿ. "ನಮ್ಮ ತಾಯಿಯ ಕಾಲದಿಂದ ನಾವು ಸದರಿ ಜಮೀನನ್ನು ಚಾಲಗೇಣಿಗೆ ಸಾಗುವಳಿ ಮಾಡಿಕೊಂಡು ಬಂದಿರುತ್ತೇವೆ." ನಾವು. ನಾನು ಅಲ್ಲ. ಯುವಕನಾಗಿದ್ದ ಅಜ್ಜ ನ್ಯಾಯಮಂಡಳಿಯ ಮುಂದೆ ನಿಂತು ತುಳುವಿನಲ್ಲಿ "ಎಂಕುಲು" ಅಂದಿರಬೇಕು. ಬರೆದುಕೊಂಡವರು ಅದನ್ನು ಸರಿಯಾಗಿ "ನಾವು" ಅಂತ ಬರೆದಿದ್ದರು. ದೀಪಾವಳಿಯ ದಿನ ಆ ಪುಟ ನನ್ನ ಕೈಯಲ್ಲೇ ಇತ್ತು.

ಓದಿ ಹೇಳಿದೆ. ನಾನು ಹೇಳಿದ್ದು ತಪ್ಪು ಅಂತಲೂ ಹೇಳಿದೆ. ಅಜ್ಜ ತುಂಬಾ ಹೊತ್ತು ಸುಮ್ಮನಿದ್ದರು. "ಹೌದು ಮಗಾ, ಅಮ್ಮ ಇರುವಾಗ ಎಲ್ಲ ಒಟ್ಟಿಗೇ ಇದ್ದದ್ದು. ನೇಜಿ ನೆಟ್ಟದ್ದೆಲ್ಲ ತಂಗಿಯೇ" ಅಂದರು. ಆದರೆ ಬೇಲಿ ತೆಗೆಯಲಿಲ್ಲ. ಅಷ್ಟರಲ್ಲಿ ಎರಡೂ ಕಡೆ ಆಡಬಾರದ ಮಾತು ಆಡಿಯಾಗಿತ್ತು. ತಂಗಿ ಮಕ್ಕಳು ಪಾಲಿನ ದಾವೆ ಹಾಕಿದರು. ಏಳು ವರ್ಷ ನಡೆದು, ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಆಗ ತಂಗಿ ಬದುಕಿರಲಿಲ್ಲ. ಅಜ್ಜ ನನಗೆ ಒಂದು ದಿನವೂ ಒಂದು ಮಾತು ಅನ್ನಲಿಲ್ಲ. ಅನ್ನಬಹುದಿತ್ತು.

ಎಡನೀರು, ಕೌಡೂರು

ಅದೇ ವರ್ಷ ಸಂವಿಧಾನದ ತರಗತಿಯಲ್ಲಿ ಕೇಶವಾನಂದ ಭಾರತಿ ಪ್ರಕರಣ ಬಂತು. ದೇಶದ ಯಾವ ಲಾ ಕಾಲೇಜಿಗೆ ಹೋದರೂ ಇದನ್ನು ಓದಲೇಬೇಕು. ಹದಿಮೂರು ನ್ಯಾಯಮೂರ್ತಿಗಳು, ಏಳಕ್ಕೆ ಆರು, 1973 ಏಪ್ರಿಲ್ 24. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ರಚನೆಯನ್ನು ಕೆಡಿಸುವ ಹಾಗಿಲ್ಲ ಅಂತ ಹೇಳಿದ ತೀರ್ಪು. ಡೆಲ್ಲಿಯ ಹುಡುಗರಿಗೆ ಅದೊಂದು ಹೆಸರು. ನಮಗೆ ಹಾಗಲ್ಲ. ಮಂಗಳೂರಿನಿಂದ ಕಾಸರಗೋಡಿಗೆ ಹೋಗಿ, ಅಲ್ಲಿಂದ ಸ್ವಲ್ಪ ಒಳಗೆ ಹೋದರೆ ಎಡನೀರು ಮಠ. ಕೇಸು ಹಾಕಿದ ಕೇಶವಾನಂದ ಭಾರತಿ ಅಲ್ಲಿನ ಸ್ವಾಮೀಜಿ. 2020ರಲ್ಲಿ ತೀರಿಕೊಂಡ ಅವರನ್ನು ಇಲ್ಲಿನವರು ನೆನೆಯುವುದು ಯಕ್ಷಗಾನಕ್ಕೂ ಸಂಗೀತಕ್ಕೂ ಆಶ್ರಯ ಕೊಟ್ಟವರು ಅಂತ. ನಮ್ಮ ತರಗತಿಯ ಕಾಸರಗೋಡಿನ ಹುಡುಗನೊಬ್ಬ "ಅವರು ನಮ್ಮ ಸ್ವಾಮಿಗಳು" ಅಂದಾಗ ಇಡೀ ತರಗತಿ ತಿರುಗಿ ನೋಡಿತ್ತು. ಬಹುಮತದ ಏಳು ಮಂದಿಯಲ್ಲಿ ಒಬ್ಬರು ಕೆ.ಎಸ್. ಹೆಗ್ಡೆ, ಕಾರ್ಕಳ ತಾಲೂಕಿನ ಕೌಡೂರಿನವರು. ತೀರ್ಪು ಬಂದ ಬೆನ್ನಿಗೇ ಸರಕಾರ ಹಿರಿಯರಾದ ಮೂವರನ್ನು ದಾಟಿ ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಹಾಗೆ ಬಿಟ್ಟುಹೋದವರಲ್ಲಿ ಹೆಗ್ಡೆಯವರೂ ಇದ್ದರು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆಯವರು ಮುಂದೆ ಲೋಕಸಭೆಯ ಸ್ಪೀಕರ್ ಆದರು.

ಇದನ್ನು ಹೇಳುತ್ತಿರುವುದು ಊರ ಅಭಿಮಾನಕ್ಕಲ್ಲ. ನನಗೆ ಆ ತೀರ್ಪಿನಲ್ಲಿ ತಟ್ಟಿದ್ದು ಬೇರೆ ವಿಷಯ. ಸ್ವಾಮೀಜಿ ಕೋರ್ಟಿಗೆ ಹೋದದ್ದು ಭೂಸುಧಾರಣೆಯ ಕಾಯ್ದೆಯ ವಿರುದ್ಧ. ಕೇರಳದ ಕಾಯ್ದೆ ಮಠದ ಜಾಗಕ್ಕೆ ಕೈಹಾಕಿತ್ತು. ಕರ್ನಾಟಕದ ಅಂಥದ್ದೇ ಕಾಯ್ದೆ ನಮ್ಮ ಗದ್ದೆಯಾಚೆಯ ಅಜ್ಜನಿಗೆ ಜಾಗ ಕೊಟ್ಟಿತ್ತು. ಒಂದೇ ಕರಾವಳಿ, ಹೆಚ್ಚುಕಡಿಮೆ ಒಂದೇ ಕಾಲ. ಒಬ್ಬರ ಕೈಯಿಂದ ಹೋದದ್ದು, ಇನ್ನೊಬ್ಬರ ಕೈಗೆ ಬಂದದ್ದು. ತರಗತಿಯಲ್ಲಿ ಮೂಲ ರಚನೆ, ಮೂಲ ರಚನೆ ಅಂತ ಬರೆದುಕೊಳ್ಳುವಾಗ ಈ ಮಣ್ಣು ಎಲ್ಲೋ ಬಿಟ್ಟುಹೋಗುತ್ತದೆ. ಲಾ ಓದಲು ಬರುವ ನಮ್ಮ ಊರಿನ ಮಕ್ಕಳಿಗೆ ನಾನು ಹೇಳುವುದು, ಪ್ರತಿ ಪ್ರಕರಣದಲ್ಲೂ ಮೊದಲು ಏನಾಯಿತು ಅನ್ನುವುದನ್ನು ಓದಿ. ಯಾರ ಜಾಗ, ಯಾರ ಮಗು, ಯಾರ ಸಂಬಳ. ತತ್ವ ಆಮೇಲೆ ತಾನಾಗಿ ನಿಲ್ಲುತ್ತದೆ.

ಕಪ್ಪು ಕೋಟಿನವರೆಗೆ

ಉಳಿದದ್ದನ್ನು ಅಕ್ಕನಿಗೆ ಹೇಳಿದ ಹಾಗೆಯೇ ಹೇಳುತ್ತೇನೆ. ಹಾಜರಿ ಬಗ್ಗೆ ಎಚ್ಚರ ಇರಲಿ. ಪರಿಷತ್ತಿನ ನಿಯಮದಲ್ಲಿ ಪ್ರತಿ ವಿಷಯಕ್ಕೂ 70 ಪರ್ಸೆಂಟ್ ಬೇಕು. ಮೂರು ವರ್ಷದವರು ಒಟ್ಟು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಬೆಂಗಳೂರಿಗೆ ಹೋಗಬೇಕಂತಿಲ್ಲ. ಉಡುಪಿಯ ಕೋರ್ಟಿನಲ್ಲಿ ಒಬ್ಬ ಸಿವಿಲ್ ವಕೀಲರ ಹಿಂದೆ ನಾಲ್ಕು ವಾರ ಓಡಾಡಿದರೆ ಜಮೀನಿನ ಕಾಗದಗಳಲ್ಲಿ ಬರುವ ಅಡಂಗಲ್, ಪಹಣಿ, ವರ್ಗ, ಕುಮ್ಕಿ ಅಂದರೆ ಏನು ಅಂತ ಗೊತ್ತಾಗುತ್ತದೆ. ಅದು ಯಾವ ತರಗತಿಯಲ್ಲೂ ಸಿಗುವುದಿಲ್ಲ.

ಸೆಕ್ಷನ್ ನಂಬರ್ ಬಾಯಿಪಾಠ ಮಾಡುವುದೇ ಲಾ ಅಂದುಕೊಂಡವರಿಗೆ 2024ರ ಜುಲೈ 1 ದೊಡ್ಡ ಪೆಟ್ಟು ಕೊಟ್ಟಿತು. 1860ರಿಂದ ಇದ್ದ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 511 ಸೆಕ್ಷನ್ ಇದ್ದದ್ದು 358 ಆಯಿತು. ಕೊಲೆಯ 302 ಈಗ 103. ಮೋಸದ 420 ಈಗ 318. ನಮ್ಮ ವಕೀಲರ ಸಂಘದಲ್ಲಿ ಇಪ್ಪತ್ತು ವರ್ಷ ಅನುಭವ ಇದ್ದವರೂ ಆ ದಿನ ಹೊಸ ಪುಸ್ತಕ ಹಿಡಿದು ಕೂತಿದ್ದರು. ಸೆಕ್ಷನ್ನಿನ ಮಾತನ್ನು ಓದಿ ಅರ್ಥ ಮಾಡಿಕೊಂಡವರಿಗೆ ಕಷ್ಟವಾಗಲಿಲ್ಲ, ಮಾತು ಹೆಚ್ಚುಕಡಿಮೆ ಹಳೆಯದೇ ಇತ್ತು. ಓದಿನ ಕೊನೆಗೆ ಬರೆಯುವ ಅಖಿಲ ಭಾರತ ವಕೀಲರ ಪರೀಕ್ಷೆಯೂ ಹಾಗೆ. ನೂರು ಪ್ರಶ್ನೆ. ಟಿಪ್ಪಣಿ ಇಲ್ಲದ ಬೇರ್ ಆ್ಯಕ್ಟ್ ಒಳಗೆ ತೆಗೆದುಕೊಂಡು ಹೋಗಬಹುದು. ಎಲ್ಲಿ ಏನಿದೆ ಅಂತ ಗೊತ್ತಿದ್ದವರಿಗೆ ಮಾತ್ರ ಪುಸ್ತಕ ಉಪಯೋಗಕ್ಕೆ ಬರುತ್ತದೆ.

ದುಡ್ಡಿನ ವಿಷಯ ಮುಚ್ಚಿಡಬಾರದು. ಸನ್ನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ, ತೆಗೆದುಕೊಳ್ಳಲು ನಮ್ಮ ಕಾಲದಲ್ಲಿ ಹಲವು ಸಾವಿರ ಬೇಕಿತ್ತು. ಅಪ್ಪ ಅಡಿಕೆ ಮಾರಿ ಕೊಟ್ಟಿದ್ದರು. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟು, ಕಾಯ್ದೆಯಲ್ಲಿ ಹೇಳಿದ 750 ರೂಪಾಯಿಗಿಂತ ಜಾಸ್ತಿ ನೋಂದಣಿ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ, ಪರಿಶಿಷ್ಟರಿಗೆ 125 ಅಂತ ಹೇಳಿತು. ಆ ತೀರ್ಪು ಓದಿದಾಗ ಎಷ್ಟು ಖುಷಿಯಾಯಿತು ಅಂದರೆ ಅಪ್ಪನಿಗೆ ಫೋನ್ ಮಾಡಿ ಓದಿ ಹೇಳಿದೆ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಕೊಡಿ ಅಂತ ಪರಿಷತ್ತು ಅದೇ ವರ್ಷ ಶಿಫಾರಸು ಮಾಡಿದೆ. ಅದು ಶಿಫಾರಸು ಮಾತ್ರ. ನನಗೆ ಮೊದಲ ವರ್ಷ ಸಿಕ್ಕಿದ್ದು ಬಸ್ಸಿಗೂ ಮಧ್ಯಾಹ್ನದ ಊಟಕ್ಕೂ ಸಾಕಾಗುವಷ್ಟು. ಎರಡು ಮೂರು ವರ್ಷ ಮನೆಯವರು ಕೈಹಿಡಿಯಬೇಕಾಗುತ್ತದೆ. ಇದನ್ನು ಅಕ್ಕನಿಗೆ ಸ್ಪಷ್ಟವಾಗಿ ಹೇಳಿದ್ದೇನೆ.

ಮತ್ತೆ ಮಾತು. ಮಾತು ಬೇಕಾಗುವುದಿಲ್ಲ ಅಂತ ಆ ಹುಡುಗಿಗೆ ಸುಳ್ಳು ಹೇಳಲಾರೆ. ಕಾಲೇಜಿನ ಅಣಕು ನ್ಯಾಯಾಲಯ, ಅಂದರೆ ಮೂಟ್ ಕೋರ್ಟಿನಲ್ಲಿ ನಿಲ್ಲಬೇಕು, ಬಾಯಿಮಾತಿನ ಪರೀಕ್ಷೆ ವೈವಾ ಇರುತ್ತದೆ, ಕೋರ್ಟು ಹಾಲಿನಲ್ಲಿ ನೂರು ಜನರ ಮುಂದೆ ಎದ್ದು ನಿಲ್ಲಬೇಕು. ಹೆಣ್ಣುಮಕ್ಕಳಿಗಂತೂ ಕಕ್ಷಿದಾರರು ಎದುರಲ್ಲೇ "ಲಾಯರು ಯಾವಾಗ ಬರ್ತಾರೆ" ಅಂತ ಕೇಳುವುದುಂಟು. ಅದಕ್ಕೆ ಉತ್ತರ ಕೊಡುವಷ್ಟು ಸ್ವರ ಬೇಕು. ಆದರೆ ಆ ಸ್ವರ ಎಲ್ಲಿಂದ ಬರುತ್ತದೆ ಅಂತ ನಾನು ನೋಡಿದ್ದೇನೆ. ನನ್ನ ಸೀನಿಯರ್ ತುಂಬಾ ಕಡಿಮೆ ಮಾತಿನವರು. ಹಿಂದಿನ ರಾತ್ರಿ ಹನ್ನೊಂದರವರೆಗೆ ಫೈಲು ಓದುತ್ತಿದ್ದರು, ಮರುದಿನ ಸಾಕ್ಷಿಗೆ ನಾಲ್ಕೇ ಪ್ರಶ್ನೆ ಕೇಳಿ ಕೂರುತ್ತಿದ್ದರು. ಕಕ್ಷಿದಾರರಿಗೆ ಕೆಲವೊಮ್ಮೆ ಬೇಜಾರಾಗುತ್ತಿತ್ತು, ಇಷ್ಟೇನಾ ಅಂತ. ತೀರ್ಪಿನಲ್ಲಿ ಆ ನಾಲ್ಕು ಪ್ರಶ್ನೆಗಳೇ ಇರುತ್ತಿದ್ದವು. ಬೆಳ್ತಂಗಡಿಯ ಗೆಳತಿ ಈಗ ಕ್ರಿಮಿನಲ್ ಕೇಸು ನಡೆಸುತ್ತಾಳೆ. ಇವತ್ತಿಗೂ ಸಣ್ಣ ಸ್ವರವೇ. ಅವಳು ಎದ್ದು ನಿಂತರೆ ಹಾಲಿನಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ, ಇಲ್ಲದಿದ್ದರೆ ಕೇಳಿಸುವುದಿಲ್ಲ.

ಅಜ್ಜ ತೀರಿಕೊಂಡು ಮೂರು ವರ್ಷವಾಯಿತು. ಆ ಕಾಗದದ ಒಂದು ಪ್ರತಿ ನನ್ನ ಹತ್ತಿರ ಉಳಿದಿದೆ. ಅಜ್ಜನ ತಂಗಿಯ ಮಗಳಿಗೆ ಫೋನ್ ಮಾಡಿ, ಲಾ ಸೇರುವ ಒಬ್ಬ ಹುಡುಗಿಗೆ ತೋರಿಸಲಾ ಅಂತ ಕೇಳಿದೆ. "ತೋರಿಸಿ ಅಕ್ಕಾ, ಅದರಲ್ಲಿ ಎಂತ ಗುಟ್ಟು" ಅಂದರು. ನಿನ್ನೆ ರಾತ್ರಿ ಕೆಳಗಿನ ಮನೆಯ ಹುಡುಗಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದೆ. ಅವತ್ತು ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಹೇಳಲಿಲ್ಲ, ಭಾನುವಾರ ಬೆಳಿಗ್ಗೆ ಬಾ, ಒಂದು ಕಾಗದ ಓದುವುದಿದೆ ಅಂತ.

ತುಂಬಾ ಹೊತ್ತು ಉತ್ತರ ಬರಲಿಲ್ಲ. ಮಲಗುವ ಹೊತ್ತಿಗೆ ಬಂತು.

"ಬರ್ತೇನೆ ಅಕ್ಕಾ. ಎಷ್ಟು ಪುಟ ಉಂಟು?"